ಕುತ್ತಿಗೆ ತೋರಿಸಲು ಕೋಬೆಗೆ

ಬೆಟಗೇರಿ

ಜಪಾನಿಗೆ ಹೋಗಿ ಬಂದವರು ಹಿಮದ ಟೋಪಿ ಹಾಕಿಕೊಂಡ ಬೆಟ್ಟದ ಮುಂದೆ ನಿಂತ ಫೋಟೋ ತೋರಿಸುತ್ತಾರೆ. ನನ್ನ ಹತ್ತಿರ ಇರುವುದು ಒಂದೇ ಫೋಟೋ. ಅದು ಕಪ್ಪು ಬಿಳುಪು, ಮಸುಕು, ಮತ್ತು ನನ್ನ ಕುತ್ತಿಗೆಯ ಒಳಗಿನದು. ಹನ್ನೆರಡು ದಿನ ಆ ದೇಶದಲ್ಲಿದ್ದು ಬೆಟ್ಟ ನೋಡದೆ ಬಂದ ಮೊದಲ ಪ್ರವಾಸಿ ಗದಗ-ಬೆಟಗೇರಿಯಲ್ಲಿ ನಾನೇ ಇರಬೇಕು.

ನಾನು ಇಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ಏಳುವುದು ನಾಲ್ಕೂವರೆಗೆ, ನಡೆಯುವುದು ಐದಕ್ಕೆ, ಊಟ ಹನ್ನೆರಡೂವರೆಗೆ, ಮಲಗುವುದು ಒಂಬತ್ತಕ್ಕೆ. ನಿವೃತ್ತಿಯಾಗಿ ಹನ್ನೊಂದು ವರ್ಷವಾದರೂ ಈ ಪಟ್ಟಿ ಬದಲಾಗಿಲ್ಲ. ತಂಬಾಕು ಮುಟ್ಟಿದವನಲ್ಲ. ಹೇಳಿಕೊಳ್ಳುವಂಥ ಆಸ್ತಿ ಎಂದರೆ ನನ್ನ ದನಿ. ಮೈದಾನದಲ್ಲಿ ನಿಂತು ‘ಸಾವಧಾನ್’ ಎಂದರೆ ರಸ್ತೆಯಾಚೆ ಚಹಾ ಕುಡಿಯುವವರೂ ಕಪ್ಪು ಕೆಳಗಿಟ್ಟು ನೆಟ್ಟಗಾಗುತ್ತಿದ್ದರು. ಈಗಲೂ ಆಗಸ್ಟ್ ಹದಿನೈದಕ್ಕೆ, ಜನವರಿ ಇಪ್ಪತ್ತಾರಕ್ಕೆ ಕವಾಯತಿಗೆ ಹುಕುಂ ಕೊಡಲು ನನ್ನನ್ನೇ ಕರೆಯುತ್ತಾರೆ. ಮೈಕು ಕೈಕೊಟ್ಟರೂ ಕಾರ್ಯಕ್ರಮ ನಿಲ್ಲುವುದಿಲ್ಲ ಎಂಬ ಧೈರ್ಯ ಅವರಿಗೆ.

ಇಂಥವನಿಗೆ ಒಂದು ದಿನ ಬೆಳಗಿನ ನಡಿಗೆಯಲ್ಲಿ ತಲೆ ಸುತ್ತಿತು. ಕುತ್ತಿಗೆಯ ರಕ್ತನಾಳ ನೋಡೋಣವೆಂದು ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಮಾಡಿದರು. ರಕ್ತನಾಳ ಚೆನ್ನಾಗಿತ್ತು. ಪಕ್ಕದ ಥೈರಾಯ್ಡ್ ಗ್ರಂಥಿಯಲ್ಲಿ ಎಂಟು ಮಿಲಿಮೀಟರಿನ ಒಂದು ಗಂಟು ಕೂತಿತ್ತು. ಸೂಜಿ ಹಾಕಿ ಅದರೊಳಗಿನ ಒಂದಿಷ್ಟು ಕೋಶ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ನಂತರ ಡಾಕ್ಟರು ನನ್ನನ್ನೂ ನನ್ನ ಹೆಂಡತಿ ಶಾಂತಾಳನ್ನೂ ಕೂರಿಸಿಕೊಂಡು ಹೇಳಿದರು:

‘ಮಾಸ್ತರ್ರ, ಕ್ಯಾನ್ಸರ್ ಐತ್ರಿ. ಆದ್ರ ಹೆದರಬ್ಯಾಡ್ರಿ, ಸಾವಕಾಶ ಬೆಳಿಯೂ ಜಾತಿ. ಆಪರೇಶನ್ ಮಾಡಿ ತಗದ ಬಿಡೂಣು. ಬಾಜೂಕ ದನಿಯ ನರ ಹಾದು ಹೋಗೇತಿ, ಕಾಳಜಿಲೆ ಮಾಡತೀವಿ. ಒಮ್ಮೊಮ್ಮೆ ದನಿ ಸ್ವಲ್ಪ ಬದಲಾಗಬಹುದು…’

ಅವರು ಇನ್ನೂ ಹತ್ತು ನಿಮಿಷ ಮಾತಾಡಿದರು. ಕಾಗದದ ಮೇಲೆ ಚಿತ್ರವನ್ನೂ ಬರೆದು ತೋರಿಸಿದರು. ನಾನು ಕೇಳಿಸಿಕೊಂಡಿದ್ದು ‘ದನಿ’ ಎಂಬಲ್ಲಿಯವರೆಗೆ ಮಾತ್ರ.

ಬಸ್ಸಿನಲ್ಲಿ ಶಾಂತಾ, ‘ತಗಸಿ ಬಿಡ್ರಿ ಒಮ್ಮೆ, ಚಿಂತಿ ಹೋಗತೈತಿ,’ ಎಂದಳು.

‘ಆತು, ನೋಡೂಣು,’ ಎಂದೆ. ಮೂವತ್ನಾಲ್ಕು ವರ್ಷ ಯಾವ ವಿದ್ಯಾರ್ಥಿಯ ಬಾಯಿಂದಲೂ ನಾನು ಸಹಿಸಿಕೊಳ್ಳದ ಉತ್ತರ ಅದು.

ಮರುದಿನ ಬೆಳಿಗ್ಗೆ ನಾಲ್ಕು ಮುಕ್ಕಾಲಿಗೆ ಕನ್ನಡಿಯ ಮುಂದೆ ನಿಂತು ಕುತ್ತಿಗೆಯ ಸುತ್ತಳತೆ ತೆಗೆದೆ. ಶಿಸ್ತು ತಪ್ಪಿದವನ ಮೇಲೆ ಕಣ್ಣಿಡಬೇಕು ಎಂಬುದು ನನ್ನ ನೀತಿ. ಮನೆಯಲ್ಲಿದ್ದ ಟೇಪು ಉದ್ದ ಜಿಗಿತ ಅಳೆಯುವುದು.

‘ಅಲ್ರೀ, ಅದು ಮೈದಾನ ಅಳಿಯೂದು,’ ಎಂದಳು ಶಾಂತಾ. ‘ಒಳಗ ಕಡ್ಲಿಕಾಳಿನಷ್ಟು ಇರೂದನ್ನ ಹೊರಗಿಂದ ಹೆಂಗ ಅಳೀತೀರಿ?’

‘ಬೆಳದ್ರ ಗೊತ್ತಾಗತೈತಿ,’ ಎಂದು ಡೈರಿಯಲ್ಲಿ ಬರೆದೆ. ಅಂದಿನಿಂದ ಒಂದು ದಿನವೂ ತಪ್ಪಿಸಲಿಲ್ಲ. ಗಂಟು ಬೆಳೆಯಲಿಲ್ಲ. ನನ್ನ ನಿಗಾ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಆ ವಾರವೇ ಕೋಬೆಯಿಂದ ಅನ್ನಿಯ ಫೋನು ಬಂತು. ಅನ್ನಿ ಎಂದರೆ ಅನ್ನಪೂರ್ಣಾ, ನನ್ನ ತಂಗಿಯ ಮಗಳು. ನಮ್ಮ ಮನೆಯಲ್ಲಿದ್ದು ನಮ್ಮ ಶಾಲೆಯಲ್ಲೇ ಓದಿದವಳು, ಪ್ರಾರ್ಥನೆಗೆ ತಡವಾಗಿ ಬಂದು ಮೈದಾನದ ಸುತ್ತು ಹಾಕಿದವಳು. ಈಗ ಅಲ್ಲಿಯ ಪ್ರಯೋಗಾಲಯವೊಂದರಲ್ಲಿ ಜೀವಕೋಶಗಳು ಹೇಗೆ ಎರಡಾಗುತ್ತವೆ, ಯಾವಾಗ ನಿಲ್ಲುತ್ತವೆ ಎಂದು ಕಾಯುತ್ತ ಕೂರುವುದು ಅವಳ ಕೆಲಸ.

‘ಮಾಮಾ, ಇಲ್ಲೆ ಇಂಥ ಸಣ್ಣ ಗಂಟಿಗೆ ಎಲ್ಲಾರಿಗೂ ಕತ್ತರಿ ಹಚ್ಚೂದಿಲ್ಲ. ಕೆಲವು ಮಂದಿಗೆ ಆರಾರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡ್ಕೋತ ಇರತಾರ. ಒಮ್ಮೆ ಬಂದು ತೋರಿಸ್ರಿ.’

‘ಕೆಲವು ಮಂದಿ’ ಎಂಬುದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಕತ್ತರಿಯಿಲ್ಲದ ದೇಶ ಒಂದಿದೆ, ಅಲ್ಲಿ ನನ್ನ ದನಿ ನನ್ನಲ್ಲೇ ಇರುತ್ತದೆ. ಅಷ್ಟು ಸಾಕಾಯಿತು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ

ನಮ್ಮ ಕಡೆ ದೂರದ ಪ್ರಯಾಣಕ್ಕೆ ಮುಂಚೆ ಬಳಗದವರ ಮನೆಗೆ ಖುದ್ದಾಗಿ ಹೋಗಿ ಹೇಳಿ ಬರಬೇಕು. ಹೇಳದೆ ಹೋದರೆ ಸಿಟ್ಟು. ಹೇಳಿದರೆ ಸಲಹೆ. ನಾವು ಎರಡನೆಯದನ್ನು ಆರಿಸಿಕೊಂಡೆವು.

ಲಕ್ಷ್ಮೇಶ್ವರದಲ್ಲಿ ಅನ್ನಿಯ ತಾಯಿ, ನನ್ನ ತಂಗಿ ಶಾರದಾ ಬಾಗಿಲಲ್ಲೇ ಕಣ್ಣೀರು ತೆಗೆದಳು. ‘ಅಣ್ಣಾ, ಶೇಂಗಾಕಾಳಿನಷ್ಟು ಆಗೇತಂತ ಹೌದೇನ?’

‘ಕಡ್ಲಿಕಾಳಿನಷ್ಟವ್ವಾ.’

‘ಬಸ್ಸಿನ್ಯಾಗ ಬಂದವರು ಶೇಂಗಾ ಅಂದ್ರು.’ ಅವಳ ಗಂಡ ಒಳಗಿನಿಂದಲೇ ತೀರ್ಪು ಕೊಟ್ಟರು: ‘ಮುಂಜಾನೆ ನಾಕೂವರಿಗೆ ಎದ್ದು ಥಂಡ್ಯಾಗ ಅಡ್ಡಾಡಿದ್ರ ಮತ್ತೇನ ಆಗತೈತಿ?’

ಶಿರಹಟ್ಟಿ ಶಾಂತಾಳ ತವರು. ಅವಳ ಅಣ್ಣ ನನ್ನ ಕುತ್ತಿಗೆಯನ್ನು ಎರಡೂ ಬದಿಯಿಂದ ನೋಡಿ, ಲಿಂಬೆಹಣ್ಣಿನಷ್ಟು ಎಂದು ಕೇಳಿದ್ದೆವು, ಅಷ್ಟೇನೂ ಕಾಣುವುದಿಲ್ಲವಲ್ಲ ಎಂದು ಸ್ವಲ್ಪ ನಿರಾಸೆಯಿಂದ ಹೇಳಿದರು. ಮುಂಡರಗಿಗೆ ಹೋಗುವಷ್ಟರಲ್ಲಿ ಅದು ಉಳ್ಳಾಗಡ್ಡಿಯಾಗಿತ್ತು. ಎಂಟು ಮಿಲಿಮೀಟರಿನ ಗಂಟು ಹೀಗೆ ಮೂರು ತಾಲೂಕು ದಾಟುವುದರಲ್ಲಿ ಹಿಡಿತ ತಪ್ಪಿ ಬೆಳೆದದ್ದನ್ನು ನೋಡಿದ ಮೇಲೆ, ಕ್ಯಾನ್ಸರ್ ಕುತ್ತಿಗೆಗಿಂತ ಬಸ್ಸಿನಲ್ಲಿ ಬೇಗ ಹರಡುತ್ತದೆ ಎಂಬ ತೀರ್ಮಾನಕ್ಕೆ ಬಂದೆ.

ಮುಂಡರಗಿಯಲ್ಲಿ ನನ್ನ ಹಳೆಯ ಸಹೋದ್ಯೋಗಿ, ನಿವೃತ್ತ ಕನ್ನಡ ಮಾಸ್ತರ, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಬೇರು ಕೈಗಿಟ್ಟ.

‘ಕಪ್ಪತಗುಡ್ಡದ್ದು. ಅರದು ಹಚ್ಚು. ಏಳ ದಿನದಾಗ ಕರಗತೈತಿ.’

‘ಯಾವ ಬೇರಲೇ ಇದು?’

‘ಹೆಸರ ಹೇಳಿದ್ರ ಗುಣ ಹೋಗತೈತಿ.’

‘ನಿನಗರ ಗೊತ್ತೈತೇನು?’

‘ಗೊತ್ತಿಲ್ಲದ್ದಕ್ಕ ಅಲ್ಲೇನು ಅದಕ್ಕಿನ್ನೂ ಗುಣ ಉಳದಿದ್ದು!’

ಆತ ನಗಲಿಲ್ಲ. ನಾನೂ ಬೇರನ್ನು ಚೀಲದೊಳಗಿಟ್ಟುಕೊಂಡೆ. ಕತ್ತರಿಗೆ ಹೆದರಿದವನು ಯಾವ ಬೇರಿಗೂ ಇಲ್ಲ ಎನ್ನುವುದಿಲ್ಲ.

ಒಸಾಕಾ, ವಿಮಾನ ನಿಲ್ದಾಣ

ಒಸಾಕಾದಲ್ಲಿ ಇಳಿದಾಗ ನನ್ನ ವೇಳಾಪಟ್ಟಿಗಿಂತ ಹನ್ನೊಂದು ನಿಮಿಷ ಮುಂದಿದ್ದೆವು. ಆ ಹನ್ನೊಂದೂ ನಿಮಿಷ, ಮೇಲೆ ಮತ್ತೊಂದು ಗಂಟೆ, ಬೇರಿಗೆ ಹೋಯಿತು.

ಸಸ್ಯ ತಪಾಸಣೆಯ ಅಧಿಕಾರಿ ತೆಳ್ಳಗಿನ ಮನುಷ್ಯ. ಕೈಗವಸು ಹಾಕಿಕೊಂಡು ಬೇರನ್ನು ಎತ್ತಿ ಬಿಳಿ ತಟ್ಟೆಯ ಮೇಲಿಟ್ಟ. ಅದಕ್ಕಿನ್ನೂ ಕಪ್ಪತಗುಡ್ಡದ ಕೆಂಪು ಮಣ್ಣು ಅಂಟಿಕೊಂಡಿತ್ತು. ಇದರ ಹೆಸರೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೆಸರು ಹೇಳಿದರೆ ಗುಣ ಹೋಗುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ. ಆತ ಬಾಗಿ ಕ್ಷಮೆ ಕೇಳಿದ, ಬೇರನ್ನು ಚೀಲದೊಳಗೆ ಹಾಕಿ ಮತ್ತೆ ಕ್ಷಮೆ ಕೇಳಿದ, ಚೀಲಕ್ಕೆ ಮುದ್ರೆ ಒತ್ತಿ ಇನ್ನೊಮ್ಮೆ. ಕಸಿದುಕೊಳ್ಳುವವರೇ ಕ್ಷಮೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹೀಗಾಗಿ ಸಿಟ್ಟನ್ನು ಎಲ್ಲಿಡಬೇಕೆಂದು ಗೊತ್ತಾಗದೆ ನಾನೂ ಬಾಗಿದೆ.

ಆಮೇಲೆ ಶಾಂತಾಳ ಡಬ್ಬಿ ತೆರೆಸಿದರು. ಒಳಗೆ ಜೋಳದ ಕಡಕ್ ರೊಟ್ಟಿ, ಒಂದರ ಮೇಲೊಂದು ಇಪ್ಪತ್ತೈದು. ಆತ ಒಂದನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದ, ಬೆರಳಿನಿಂದ ತಟ್ಟಿದ. ಟಣ್ ಎಂದಿತು. ಮೇಲಧಿಕಾರಿಯನ್ನು ಕರೆದ. ಇಬ್ಬರೂ ಸೇರಿ ತಟ್ಟಿದರು.

‘ಏನ್ ನೋಡಾಕ ಹತ್ಯಾರ್ರೀ ಅವರು?’

‘ತಿನ್ನೂದೋ ಅಲ್ಲೋ ಅಂತ.’

ಶಾಂತಾ ರೊಟ್ಟಿಯನ್ನು ಅವರ ಕೈಯಿಂದಲೇ ತೆಗೆದುಕೊಂಡು ಮುರಿದು, ಕಟಕಟ ಅಗಿದು ನುಂಗಿ, ಬಾಯಿ ತೆರೆದು ತೋರಿಸಿದಳು. ಇಬ್ಬರು ಅಧಿಕಾರಿಗಳೂ ಅವಳಿಗೆ ಬಾಗಿ ನಮಸ್ಕರಿಸಿದರು. ನನಗೆ ಬಾಗಿದ್ದಕ್ಕಿಂತ ಅದು ಹೆಚ್ಚು ಆಳವಾಗಿತ್ತು.

ಕೋಬೆ, ಬೆಳಿಗ್ಗೆ ಆರೂವರೆ

ಅನ್ನಿಯ ಮನೆ ಎರಡು ಕೋಣೆಯದು. ಒಬ್ಬರು ಹೊರಳಿದರೆ ಇನ್ನೊಬ್ಬರು ಏಳಬೇಕು. ನಾನು ನಾಲ್ಕೂವರೆಗೆ ಏಳುವುದು ಆ ಮನೆಗೆ ಹೊಂದಲಿಲ್ಲ. ಎರಡನೆಯ ದಿನ ಅನ್ನಿ ಮುಸುಕಿನೊಳಗಿನಿಂದಲೇ, ‘ಮಾಮಾ, ಕೆಳಗ ಒಂದ ಬಾಗ ಐತಿ. ಅಲ್ಲೆ ಆರೂವರಿಗೆ ಮುದುಕರು ಡ್ರಿಲ್ ಮಾಡತಾರ. ನೀವು ಹೋಗ್ರಿ,’ ಎಂದಳು.

ಆರಕ್ಕೇ ಉದ್ಯಾನಕ್ಕೆ ಹೋದೆ. ಅವರು ಅದಾಗಲೇ ಬಂದು ಸಾಲಿನಲ್ಲಿ ನಿಂತಿದ್ದರು. ಅರ್ಧ ಗಂಟೆ ಮುಂಚೆ ಹೋಗಿಯೂ ತಡವಾದವನು ಎನಿಸಿಕೊಂಡದ್ದು ಜೀವನದಲ್ಲಿ ಅದೇ ಮೊದಲು. ಇಪ್ಪತ್ತು ಜನರಿದ್ದರು. ಎಪ್ಪತ್ತಕ್ಕೆ ಕೆಳಗಿನವರು ಯಾರೂ ಇದ್ದಂತಿರಲಿಲ್ಲ. ಸಾಟೊ ಎಂಬ ಹಿರಿಯರು ಒಂದು ರೇಡಿಯೋ ತಂದು ಬೆಂಚಿನ ಮೇಲಿಟ್ಟರು. ಸರಿಯಾಗಿ ಆರೂವರೆಗೆ ಪಿಯಾನೋ ಶುರುವಾಯಿತು, ಒಬ್ಬ ಗಂಡಸಿನ ದನಿ ಎಣಿಸತೊಡಗಿತು, ಇಪ್ಪತ್ತೂ ಜನ ಕೈ ಎತ್ತಿದರು.

ನನಗೆ ಸಂತೋಷಕ್ಕಿಂತ ಅಸಮಾಧಾನವೇ ಹೆಚ್ಚಾಯಿತು. ಮುಂದೆ ಮಾಸ್ತರನಿಲ್ಲ, ಸೀಟಿ ಇಲ್ಲ, ಹಿಂದಿನ ಸಾಲಿನವರನ್ನು ನೋಡುವವರಿಲ್ಲ. ಆದರೂ ಸಾಲು ದಾರ ಹಿಡಿದಂತಿತ್ತು. ಮಾಸ್ತರನಿಲ್ಲದೆಯೂ ಇದು ನಡೆಯುವುದಾದರೆ ಮೂವತ್ನಾಲ್ಕು ವರ್ಷ ನಾನು ಮಾಡಿದ್ದೇನು? ಕೊನೆಗೆ ಒಂದು ತಪ್ಪು ಸಿಕ್ಕಿತು. ಸಾಟೊ ಅವರ ಎಡ ಮೊಣಕೈ ಬಗ್ಗುತ್ತಿತ್ತು. ಮುಗಿದ ಮೇಲೆ ಹೋಗಿ, ಮೊಣಕೈ ಹಿಡಿದು ನೆಟ್ಟಗೆ ಮಾಡಿದೆ. ಅವರು ಬಾಗಿದರು.

ಮರುದಿನ ಸಾಟೊ ನೇರವಾಗಿ ನನ್ನ ಮುಂದೆ ಬಂದು ಎಡಗೈ ಚಾಚಿ ನಿಂತರು. ಪರೀಕ್ಷಿಸಿ ತಲೆಯಾಡಿಸಿದೆ. ಅದರ ಮರುದಿನ ಮೊಣಕೈ ತೋರಿಸಲು ಐದು ಜನ ಸರತಿಯಲ್ಲಿದ್ದರು. ಅನ್ನಿಗೆ ಹೇಳಿದರೆ, ‘ಮಾಮಾ, ಅವರು ನಿಮ್ಮನ್ನ ಡಾಕ್ಟರ್ ಅಂತ ತಿಳದಾರ,’ ಎಂದು ಬಿದ್ದು ಬಿದ್ದು ನಕ್ಕಳು.

ಅನ್ನಿಯ ಪ್ರಯೋಗಾಲಯ

ಡಾಕ್ಟರರ ಭೇಟಿ ಗುರುವಾರಕ್ಕಿತ್ತು. ಬುಧವಾರ ಅನ್ನಿ ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದಳು. ಚಪ್ಪಲಿ ಬಿಡಿಸಿ, ಬೇರೆ ಚಪ್ಪಲಿ ಕೊಟ್ಟು, ಬಿಳಿ ಕೋಟು ಹಾಕಿಸಿ, ‘ಏನೂ ಮುಟ್ಟಬ್ಯಾಡ್ರಿ, ಇಲ್ಲೆ ಕುಂಡ್ರಿ,’ ಎಂದಳು. ನಾನು ಕೂತೆ.

ತೆರೆಯ ಮೇಲೆ ಬೂದು ನೆಲ. ಅದರ ಮೇಲೆ ಅವಲಕ್ಕಿ ಚೆಲ್ಲಿದಂತೆ ಕೋಶಗಳು. ಎರಡು ದಿನದ ಚಲನೆಯನ್ನು ಎರಡು ನಿಮಿಷಕ್ಕೆ ಇಳಿಸಿದ ಚಿತ್ರ ಅದು. ಒಂದು ಕೋಶ ದುಂಡಗಾಯಿತು, ನಡು ಸಣ್ಣದಾಯಿತು, ಎರಡಾಯಿತು. ಎರಡೂ ಮೈ ಚಾಚಿ ಮಲಗಿದವು. ಪಕ್ಕದವರು ತಾಗಿದ ಕೂಡಲೆ ನಿಂತುಬಿಟ್ಟವು.

‘ಭೇಷ್!’ ಎಂದೆ. ನನ್ನ ಮೈದಾನದಲ್ಲೂ ಇಷ್ಟು ಚಂದ ನಿಂತಿರಲಿಲ್ಲ.

ಅನ್ನಿ ಇನ್ನೊಂದು ಚಿತ್ರ ಹಾಕಿದಳು. ಇಲ್ಲಿ ಕೋಶಗಳು ಒಂದರ ಮೇಲೊಂದು ಹತ್ತುತ್ತಿದ್ದವು. ತಾಗಿದರೂ ನಿಲ್ಲವು. ಗದಗ ಬಸ್ ನಿಲ್ದಾಣಕ್ಕೆ ಹುಬ್ಬಳ್ಳಿ ಬಸ್ಸು ಬಂದ ಹೊತ್ತು ನೆನಪಾಯಿತು.

‘ಇವು ಥೈರಾಯ್ಡ್ ಕ್ಯಾನ್ಸರಿನವು ಮಾಮಾ.’

‘ಇವಕ್ಕ ಸೀಟಿ ಊದಿದವರ್ಯಾರು?’

‘ಯಾರೂ ಊದಿಲ್ಲ. ರೋಗ ಇರೂದು ಅಲ್ಲೇ.’ ಅವಳು ಕುರ್ಚಿ ನನ್ನ ಕಡೆ ತಿರುಗಿಸಿದಳು. ‘ನೀವು ಸೀಟಿ ಊದತಿದ್ರಿ. ಅದನ್ನ ಕೇಳಿ ಕ್ಲಾಸ್ ಲೀಡರ್ ಕೈ ಎತ್ತತಿದ್ದ. ಅವನ ನೋಡಿ ಸಾಲಿನ ಲೀಡರು, ಆಮ್ಯಾಲ ಹುಡುಗರು. ಹುಕುಂ ಮುಟ್ಟಿದ ಮ್ಯಾಲ ಎಲ್ಲಾರೂ ಕೈ ಇಳಸತಿದ್ರು. ಹೌದಲ್ಲ?’

‘ಇಳಸದಿದ್ರ ನಾ ಬಿಡತಿದ್ನೇನು?’

‘ಕೋಶದಾಗೂ ಹಂಗ. ಬೆಳಿ ಅನ್ನೂ ಹುಕುಂ ಹೊರಗಿಂದ ಬರತೈತಿ. ಒಂದು ಪ್ರೋಟೀನು ಇನ್ನೊಂದಕ್ಕ ಮುಟ್ಟಸತೈತಿ, ಅದು ಮತ್ತೊಂದಕ್ಕ. ನಡುವ ಬಿ-ರಾಫ್ ಅಂತ ಒಬ್ಬ ಲೀಡರ್ ಅದಾನ. ಅವನ ಜೀನಿನ್ಯಾಗ ಒಂದೇ ಒಂದು ಅಕ್ಷರ ಬದಲಾತು ಅಂದ್ರ, ಎತ್ತಿದ ಕೈ ಇಳಸೂದಿಲ್ಲ. ಮಾಸ್ತರು ಮನಿಗೆ ಹೋಗ್ಯಾರ, ಇವನ ಕೈ ಮ್ಯಾಲೇ ಐತಿ. ಹಿಂದಿನವರು ಓಡಕೋತನ ಇರತಾರ. ನಿಮ್ಮಂಥಾ ಗಂಟಿನ್ಯಾಗ ಭಾಳ ಸಲ ಸಿಗಾಂವ ಇಂವನ.’

‘ಗೇಟಿನ್ಯಾಗ ಹಿಡಿಯೂ ಮಂದಿ ಇಲ್ಲೇನು?’

‘ಅದಾರಲ್ಲ, ಮೂರ ಕಡೆ. ಮೊದಲನೇದು, ಎರಡಾಗೂದು ಶುರು ಮಾಡಬೇಕೋ ಬ್ಯಾಡೋ ಅಂತ. ಇಂವ ಕೈ ಎತ್ತೇ ನಿಂತಾನಲ್ಲ, ಆ ಗೇಟಿನಾಂವ ಕಡಿಗೆ ಬ್ಯಾಸತ್ತು ಬಾಜೂಕ ಸರಿತಾನ. ಎರಡನೇದು, ಒಳಗಿನ ಬರಹ ನಕಲು ಸರಿಯಾತೋ ಇಲ್ಲೋ ಅಂತ. ಮೂರನೇದು ನಿಮಗ ಪಸಂದ ಆಗತೈತಿ. ಹಗ್ಗಜಗ್ಗಾಟದಾಗ ಎರಡೂ ಕಡೆ ಹಗ್ಗ ಬಿಗಿ ಹಿಡದಾರಂತ ನೋಡೇ ಸೀಟಿ ಊದತಿದ್ರಲ್ಲ? ವರ್ಣತಂತು ಎಳಿಯೂ ಮುಂದ ಕೋಶಾನೂ ಹಂಗ ನೋಡತೈತಿ.’

‘ಹೆಡ್ ಮಾಸ್ತರು?’

‘ಅವರೂ ಅದಾರ. ಪಿ-ಐವತ್ಮೂರು ಅಂತ. ಬರಹ ಭಾಳ ಕೆಟ್ಟೇತಿ ಅಂದ್ರ ಕೆಲಸಾನ ನಿಲ್ಲಿಸಿಬಿಡತಾರ, ಇಲ್ಲಾ ಆ ಕೋಶಾನ ಸಾಯಂಗ ಮಾಡತಾರ. ನಿಮ್ಮ ಜಾತಿ ಗಂಟಿನ್ಯಾಗ ಬಹುತೇಕ ಅವರು ಇನ್ನೂ ಡ್ಯೂಟಿ ಮ್ಯಾಲ ಇರತಾರ. ಅದಕ್ಕ ಅದು ಸಾವಕಾಶ. ಅವರೂ ಹೋದ್ರ ಅದು ಬ್ಯಾರೇ ರೋಗ, ಭಾಳ ಕೆಟ್ಟದ್ದು. ಆದ್ರ ಅಪರೂಪ.’

ನನ್ನ ಕುತ್ತಿಗೆಯಲ್ಲಿ ಒಬ್ಬ ಹೆಡ್ ಮಾಸ್ತರು ಇನ್ನೂ ಕೆಲಸ ಮಾಡುತ್ತಿದ್ದಾರೆ ಎಂಬ ಮಾತು ಸಮಾಧಾನ ತಂದಿತು. ನನ್ನ ಸೇವಾವಧಿಯಲ್ಲಿ ನಾನು ಕಂಡ ಹೆಡ್ ಮಾಸ್ತರುಗಳು ನೆನಪಾಗಿ ಆ ಸಮಾಧಾನ ಅರ್ಧವಾಯಿತು.

‘ಹಂಗಾರ ಕೆಲವು ಗಂಟು ವರ್ಷಾನುಗಟ್ಟಲೆ ಬೆಳಿಯೂದಿಲ್ಲ, ಕೆಲವು ಬೆಳಿತಾವ. ಯಾಕ?’

ಅನ್ನಿ ಓಡುತ್ತಿದ್ದ ಚಿತ್ರವನ್ನು ನಿಲ್ಲಿಸಿದಳು. ‘ಪೂರ್ತಿ ಗೊತ್ತಿಲ್ಲ ಮಾಮಾ. ನಾ ಇಲ್ಲೆ ಕುಂತಿದ್ದ ಅದಕ್ಕ.’

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ನಾಲ್ಕೂ ಊರುಗಳಲ್ಲಿ ನನ್ನ ಕುತ್ತಿಗೆಯ ಬಗ್ಗೆ ತೀರ್ಪು ಕೊಟ್ಟವರು ಕಡಿಮೆಯೆಂದರೂ ನಲವತ್ತು ಜನ. ಅವರಲ್ಲಿ ಒಬ್ಬರೂ ‘ಗೊತ್ತಿಲ್ಲ’ ಎಂದಿರಲಿಲ್ಲ. ಅಷ್ಟು ದೂರ ಹಾರಿ ಬಂದು, ಅಷ್ಟು ಯಂತ್ರಗಳ ನಡುವೆ, ವರ್ಷಗಟ್ಟಲೆ ಅದನ್ನೇ ಓದಿದವಳ ಬಾಯಲ್ಲಿ ಆ ಮಾತು ಕೇಳಬೇಕಾಯಿತು.

ಆಸ್ಪತ್ರೆ, ಗುರುವಾರ

ಡಾಕ್ಟರು ಐವತ್ತರ ಆಸುಪಾಸಿನ ಹೆಣ್ಣುಮಗಳು. ನಾನು ಬಾಗಿದೆ, ಅವರು ಬಾಗಿದರು. ಅವರು ಇನ್ನೂ ಬಾಗಿಯೇ ಇರುವುದನ್ನು ಕಂಡು ನಾನು ಮತ್ತೊಮ್ಮೆ ಬಾಗಿದೆ. ‘ಸಾಕ್ರೀ, ಸೊಂಟ ಹಿಡೀತೈತಿ,’ ಎಂದಳು ಶಾಂತಾ.

ಮೊದಲು ಬೇರೆ ಕೋಣೆಯಲ್ಲಿ ಮೂಗಿನಿಂದ ತೆಳ್ಳನೆಯ ನಳಿಕೆ ಇಳಿಸಿ ದನಿಯ ತಂತುಗಳನ್ನು ನೋಡಿದರು. ‘ಈ’ ಎಂದು ಹೇಳಿ ಎಂದರು. ದನಿ ಎತ್ತಿ ಎಂದು ಯಾರಾದರೂ ನನ್ನನ್ನು ಕೇಳಿ ಎಷ್ಟು ದಿನವಾಗಿತ್ತು! ಎದೆ ತುಂಬ ಉಸಿರು ಎಳೆದು, ಮೈದಾನದ ಆ ಕೊನೆಗೆ ಮುಟ್ಟುವಂತೆ ‘ಈ’ ಎಂದೆ. ಕಾರಿಡಾರಿನಿಂದ ಇಬ್ಬರು ನರ್ಸ್‌ಗಳು ಓಡಿ ಬಂದರು. ತಂತುಗಳು ಬಹಳ ಚೆನ್ನಾಗಿವೆ ಎಂದು ಪರೀಕ್ಷಿಸಿದವರು ಕಿವಿ ಉಜ್ಜಿಕೊಳ್ಳುತ್ತ ಹೇಳಿದರು.

ನಂತರ ಕುತ್ತಿಗೆಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್. ಡಾಕ್ಟರು ಬಹಳ ಹೊತ್ತು ಒಂದೇ ಜಾಗವನ್ನು ನೋಡಿದರು. ಮುಗಿದ ಮೇಲೆ ನಾನು ಡೈರಿ ತೆಗೆದು ಎರಡೂ ಕೈಯಿಂದ ಅವರ ಮುಂದಿಟ್ಟೆ. ಪ್ರತಿ ದಿನದ ಸುತ್ತಳತೆ, ಸಮಯ ಸಹಿತ. ಅವರು ಒಂದು ಪುಟವನ್ನೂ ಬಿಡದೆ ನೋಡಿದರು. ಆಮೇಲೆ ಏನೋ ಹೇಳಿದರು. ಅನ್ನಿ ಅನುವಾದಿಸಲು ಹಿಂಜರಿದಳು.

‘ಹೇಳು.’

‘ಇಷ್ಟು ಶಿಸ್ತಿನ ರೋಗಿ ನೋಡೇ ಇಲ್ಲಂತ ಮಾಮಾ. ಆದ್ರ ಇದರಿಂದ ಹೊಸಾದು ಹೊಲಿಸೂ ಅಂಗಿಯ ಕಾಲರ್ ಸರಿಯಾಗತೈತಿ, ಗಂಟಿನ ಬಗ್ಗೆ ಏನೂ ಗೊತ್ತಾಗೂದಿಲ್ಲಂತ.’

‘ಗಂಟು ಬೆಳದೈತೇನು?’

‘ಇಲ್ಲ. ಎಂಟೇ ಮಿಲಿಮೀಟರ್.’

‘ಮತ್ತಾತು. ನೋಡ್ಕೋತ ಕುಂಡ್ರೂಣು.’ ನಾನು ಫೈಲು ಮುಚ್ಚಿದೆ.

ಡಾಕ್ಟರು ನನ್ನ ಕೈ ತಡೆದರು. ಬಿಳಿ ಹಾಳೆಯ ಮೇಲೆ ಉಸಿರ್ನಾಳ ಬರೆದರು, ಅದನ್ನು ತಬ್ಬಿದ ಗ್ರಂಥಿ ಬರೆದರು, ಗ್ರಂಥಿಯ ಬೆನ್ನಿಗೆ ಒಂದು ಚುಕ್ಕೆ ಇಟ್ಟರು. ಚುಕ್ಕೆಯ ಪಕ್ಕದಲ್ಲಿ ಕೆಳಗಿನಿಂದ ಮೇಲೆ ಒಂದು ಗೆರೆ ಎಳೆದರು. ಅದು ದನಿಯ ನರ. ತಲೆಯಿಂದ ಹೊರಟು, ಎದೆಯವರೆಗೆ ಇಳಿದು, ಅಲ್ಲಿಂದ ತಿರುಗಿ ಗಂಟಲಿಗೆ ಬರುತ್ತದಂತೆ. ಬೆಟಗೇರಿಯಿಂದ ಪಕ್ಕದ ಗದಗಿಗೆ ಮುಂಡರಗಿಯ ಮೇಲೆ ಹಾದು ಹೋದಂತೆ. ಚುಕ್ಕೆಗೂ ಗೆರೆಗೂ ನಡುವೆ ಜಾಗವೇ ಉಳಿದಿರಲಿಲ್ಲ.

ಅನ್ನಿ ಮೆಲ್ಲಗೆ ಹೇಳಿದಳು: ‘ಮಾಮಾ, ಎಷ್ಟ ದೊಡ್ಡದು ಅನ್ನೂದು ಒಂದ. ಎಲ್ಲೆ ನಿಂತೈತಿ ಅನ್ನೂದು ಇನ್ನೊಂದ. ಇದು ಗ್ರಂಥಿಯ ನಡುವ ಇದ್ದಿದ್ರ ಕಾಯಬಹುದಿತ್ತು, ನಿಮ್ಮ ವಯಸ್ಸಿಗೆ ಭಾಳ ಮಂದಿಗೆ ಬೆಳಿಯೂದೂ ಇಲ್ಲ. ಇದು ನರದ ಬಾಜೂಕ ನಿಂತೈತಿ. ಬೆಳಿಯೂದ ಬ್ಯಾಡ, ಸ್ವಲ್ಪ ಆ ಕಡೆ ಒರಗಿದ್ರ ಸಾಕು. ಇಂಥಾದ್ದನ್ನ ಇಲ್ಲೂ ಕಾಯೂದಿಲ್ಲ. ತಗಸ್ರಿ ಅಂತಾರ.’

‘ದನಿ?’

ಡಾಕ್ಟರಿಗೆ ಆ ಪ್ರಶ್ನೆ ಅನುವಾದವಿಲ್ಲದೆ ಅರ್ಥವಾಯಿತು. ಈಗ ತೆಗೆದರೆ ನರ ಉಳಿಯುವ ಭರವಸೆ ಹೆಚ್ಚು, ಆದರೆ ಮಾತು ಕೊಡಲಾಗುವುದಿಲ್ಲ ಎಂದರು. ಕಾದರೆ ದನಿಯನ್ನು ಗಂಟೇ ತೆಗೆದುಕೊಳ್ಳಬಹುದು ಎಂದರು. ಹಾಗೆಯೇ, ನಿಮ್ಮ ಊರಿನ ಡಾಕ್ಟರು ಇದನ್ನೆಲ್ಲ ಆಗಲೇ ಬರೆದಿದ್ದಾರಲ್ಲ ಎಂದು ನನ್ನದೇ ಫೈಲಿನಿಂದ ಹುಬ್ಬಳ್ಳಿಯ ವರದಿ ತೆಗೆದು ತೋರಿಸಿದರು. ಗಂಟಿನ ಅಳತೆಯ ಕೆಳಗೆ ನಾನು ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದಿದ್ದೆ. ಅದರ ಮುಂದಿನ ಸಾಲಿನಲ್ಲಿ ಗಂಟು ಎಲ್ಲಿದೆ, ಯಾವುದಕ್ಕೆ ತಾಗಿದೆ ಎಂದು ಸ್ಪಷ್ಟವಾಗಿ ಇತ್ತು. ಆ ಸಾಲಿಗೆ ಗೆರೆ ಇರಲಿಲ್ಲ.

ಮೈದಾನದಲ್ಲಿ ಮೂವತ್ನಾಲ್ಕು ವರ್ಷ ನಾನು ಮೊದಲು ನೋಡುತ್ತಿದ್ದುದು ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನೇ. ನಾಲ್ಕೂ ತಾಲೂಕುಗಳ ಮಂದಿ ಎಷ್ಟು ದೊಡ್ಡದು ಎಂದು ಕೇಳಿದರು. ಅವರನ್ನು ನೋಡಿ ನಕ್ಕೆ, ಮತ್ತು ಅವರಂತೆಯೇ ಟೇಪು ಹಿಡಿದು ಕೂತೆ.

‘ಆತು,’ ಎಂದೆ. ‘ನೋಡೂಣು’ ಎಂದು ಸೇರಿಸಲಿಲ್ಲ.

ಕಾರಿಡಾರಿನಿಂದಲೇ ಹುಬ್ಬಳ್ಳಿಗೆ ಫೋನು ಮಾಡಿದೆವು. ಊರಿಗೆ ಮರಳಿದ ಮರು ಸೋಮವಾರಕ್ಕೆ ಆಪರೇಶನ್ ನಿಗದಿಯಾಯಿತು. ಮೊದಲಿನಿಂದಲೂ ‘ತಗಸ್ರಿ’ ಎನ್ನುತ್ತಿದ್ದ ಶಾಂತಾ, ನಾ ಹೇಳಿದ್ದೆನಲ್ಲ ಎನ್ನಲಿಲ್ಲ. ಟ್ರಾಮಿನಂಥ ಸಣ್ಣ ರೈಲಿನಲ್ಲಿ ಮನೆ ಮುಟ್ಟುವವರೆಗೂ ನನ್ನನ್ನು ಏನಾದರೂ ಕೇಳುತ್ತಲೇ ಇದ್ದಳು. ಆ ಅಂಗಡಿ ಏನು, ಈ ಬೋರ್ಡು ಏನು, ಇಲ್ಲಿ ಕಾಗೆ ಯಾಕಿಷ್ಟು ದಪ್ಪ. ಒಂದಕ್ಕೂ ನನಗೆ ಉತ್ತರ ಗೊತ್ತಿರಲಿಲ್ಲ. ಆದರೂ ಉತ್ತರ ಕೊಡಿಸುತ್ತಲೇ ಇದ್ದಳು.

ಕೊನೆಯ ಬೆಳಗು

ಇದನ್ನು ಬೆಟಗೇರಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇಂದು ಶನಿವಾರ. ನಾಳಿದ್ದು ಹುಬ್ಬಳ್ಳಿ. ಬಳಗದವರು ಬಂದು ಹೋಗುತ್ತಿದ್ದಾರೆ. ಜಪಾನಿನವರು ವಾಪಸ್ ಕಳಿಸಿದರಂತೆ ಎಂಬಲ್ಲಿಗೆ ಸುದ್ದಿ ಬಂದು ನಿಂತಿದೆ, ಉಳ್ಳಾಗಡ್ಡಿಯ ಮುಂದೆ ಏನಾಗಿದೆಯೋ ನಾನು ವಿಚಾರಿಸಲಿಲ್ಲ. ಉಳಿದಿರುವುದು ಹೊರಡುವ ದಿನದ ಬೆಳಗಿನ ಮಾತು ಮಾತ್ರ.

ಅಂದು ಶಾಂತಾಳೂ ಬಾಗಕ್ಕೆ ಬಂದಳು. ಆರಕ್ಕೆ ಹತ್ತು ನಿಮಿಷವಿರುವಾಗಲೇ ಹೋದೆವು. ಆ ಒಂದು ದಿನ ನಾವೇ ಮೊದಲು. ಆರೂವರೆಗೆ ಸಾಟೊ ರೇಡಿಯೋ ಗುಂಡಿ ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು, ಬೆನ್ನಿಗೆ ಎರಡು ಬಾರಿಸಿದರು. ಕೆಟ್ಟ ರೇಡಿಯೋಕ್ಕೆ ಮಾಡುವ ಈ ಚಿಕಿತ್ಸೆ ಎರಡೂ ದೇಶಗಳಲ್ಲಿ ಒಂದೇ. ಅದು ಮಾತಾಡಲಿಲ್ಲ. ಇಪ್ಪತ್ತು ಜನ ಕೈ ಇಳಿಬಿಟ್ಟು ನಿಂತರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಸಾಟೊ ಬೆಂಚಿನಿಂದ ರೇಡಿಯೋ ತೆಗೆದು, ಆ ಜಾಗವನ್ನು ಕೈಯಿಂದ ತೋರಿಸಿ ಬಾಗಿದರು.

ನಾನು ಮುಂದೆ ಹೋಗಿ ನಿಂತೆ. ಜಪಾನಿ ಎಣಿಕೆ ನನಗೆ ಬರದು. ಕನ್ನಡದಲ್ಲೇ ಶುರು ಮಾಡಿದೆ. ಒಂದು. ಇಪ್ಪತ್ತು ಜೋಡಿ ಕೈ ಮೇಲೆದ್ದವು. ಎರಡು. ಬಾಗದ ಆಚೆ ಬದಿಯ ಮರದಿಂದ ಆ ದಪ್ಪ ಕಾಗೆಗಳು ಹಾರಿದವು. ಮೂರು, ನಾಲ್ಕು. ಎದುರಿನ ಕಟ್ಟಡದಲ್ಲಿ ಒಂದು ಕಿಟಕಿ ತೆರೆಯಿತು.

ಸಾಲಿನ ಹೊರಗೆ ಶಾಂತಾ ಮೊಬೈಲು ಹಿಡಿದು ನಿಂತಿದ್ದಳು. ಕವಾಯತಿನ ನಡುವೆ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಆಗದು. ಎಂಟು ಮುಗಿಸಿ, ‘ಏ ಶಾಂತಾ, ಫೋಟೋ ಆಮ್ಯಾಲ. ಸಾಲಿನ್ಯಾಗ ನಿಂದರು,’ ಎಂದೆ.

ಅವಳು ಕದಲಲಿಲ್ಲ. ಆಗ ನೋಡಿದೆ. ಮೊಬೈಲನ್ನು ಅವಳು ಕಣ್ಣಿನ ಮಟ್ಟಕ್ಕೆ ಹಿಡಿದಿರಲಿಲ್ಲ. ಅಂಗೈ ಮೇಲೆ ಮಲಗಿಸಿ, ಅದರ ಮೈಕು ಇರುವ ತಳವನ್ನು ನನ್ನ ಬಾಯಿಯ ಕಡೆ ಚಾಚಿದ್ದಳು.

‘ಫೋಟೋ ಅಲ್ರೀ,’ ಎಂದಳು. ‘ನೀವು ಎಣಸ್ರಿ.’

ಇಪ್ಪತ್ತು ಮುದುಕರು ಮುಂದಿನ ಹುಕುಮಿಗೆ ಕಾಯುತ್ತಿದ್ದರು. ನಾನು ಅವರ ಕಡೆಯಿಂದ ಸ್ವಲ್ಪ ತಿರುಗಿ, ಅವಳಿಗೆ ಸರಿಯಾಗಿ ಕೇಳುವಂತೆ ನಿಂತು, ಮತ್ತೆ ಒಂದರಿಂದ ಶುರು ಮಾಡಿದೆ.